ಹದಿನಾಲ್ಕನೇ ಫ್ಯಾನಿನ ಕೆಳಗೆ

ಹದಿನಾಲ್ಕನೇ ಫ್ಯಾನಿನ ಬುಡದಲ್ಲಿ ಅಮೋಘಸಿದ್ದಪ್ಪ ಸಾವಕಾರನ ಎತ್ತು ಹೊಟ್ಟೆ ಉಬ್ಬಿಸಿಕೊಂಡು ಬಿದ್ದಿತ್ತು. ಮೇಯಲು ಬಿಟ್ಟಿದ್ದರು, ಹಾವು ಕಡಿಯಿತೋ ಏನೋ, ನಿನ್ನೆ ಸಂಜೆ ಅಲ್ಲೇ ಉರುಳಿತ್ತು. ಸವದತ್ತಿಯಿಂದ ಮುನವಳ್ಳಿ ಕಡೆಗೆ ಹೋಗುವ ಗುಡ್ಡದ ಸಾಲಿನಲ್ಲಿ ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳು ಇಪ್ಪತ್ತೆರಡಿವೆ. ಅಷ್ಟು ದೊಡ್ಡ ಗುಡ್ಡದಲ್ಲಿ ಆ ಎತ್ತಿಗೆ ಸಾಯಲು ಸಿಕ್ಕಿದ್ದು ಅದೊಂದೇ ಜಾಗ.

ಮುನ್ನೂರು ಹೆಜ್ಜೆ ಆಚೆ, ತಗಡಿನ ನೆರಳಲ್ಲಿ ಪ್ರಣಿತಾ ದುರ್ಬೀನು ಹಿಡಿದು ಕೂತಿದ್ದಳು. ಕಂಪನಿ ಅವಳನ್ನು ಇಟ್ಟುಕೊಂಡಿದ್ದೇ ಆಕಾಶ ನೋಡಲಿಕ್ಕೆ. ಬಿಳಿ ರಣಹದ್ದು ಫ್ಯಾನಿನ ಹತ್ತಿರ ಬಂತೆಂದರೆ ವಾಕಿಟಾಕಿಯಲ್ಲಿ ನಂಬರು ಹೇಳಬೇಕು; ಕೆಳಗಿನ ಕಂಟ್ರೋಲ್ ರೂಮಿನವರು ಆ ಫ್ಯಾನನ್ನು ನಿಲ್ಲಿಸುತ್ತಾರೆ. ಪೂರ್ತಿ ನಿಲ್ಲಲು ಒಂದು ನಿಮಿಷ ಬೇಕು. ಕಣಿವೆಯ ಬಂಡೆಯಲ್ಲಿ ಒಂದೇ ಒಂದು ಜೋಡಿ ಗೂಡು ಕಟ್ಟಿತ್ತು, ಒಂದು ಮರಿ ಇತ್ತು. ಬೆಳಗಿನಿಂದ ಗಂಡು ಹದ್ದು ಎತ್ತಿನ ವಾಸನೆಗೆ ಮೂರು ಸಲ ಬಂದಿತ್ತು. ಮೂರು ಸಲವೂ ಪ್ರಣಿತಾ ಹದಿನಾಲ್ಕನ್ನು ನಿಲ್ಲಿಸಿದ್ದಳು. ಅದು ಅತ್ತ ಹೋದ ಮೇಲೆ ಫ್ಯಾನು ಮತ್ತೆ ತಿರುಗಿತ್ತು.

ಕಂಪನಿಯೂ ಒಂದು ಪಕ್ಷಿ ಟ್ರಸ್ಟೂ ಕೂಡಿ ಮಾಡಿಕೊಂಡ ಒಪ್ಪಂದ ಅದು. ಕಾಗದ ಬರೆದವನು ಕಂಪನಿಯ ಆಫೀಸರ್ ಕೌಶಿಕ. ಮುನವಳ್ಳಿಯ ಪೂಜಾರಿಕೆಯ ಮನೆತನ, ಓದಿದ ಹುಡುಗ, ಹಕ್ಕಿಯೆಂದರೆ ಜೀವ ಬಿಡುತ್ತಾನೆ. ಹಕ್ಕಿ ಹತ್ತಿರವಿದ್ದರೆ ಫ್ಯಾನು ನಿಲ್ಲಿಸಲು ಕಾವಲಿನವರ ಮಾತೇ ಕೊನೆಯದು, ಯಾರನ್ನೂ ಕೇಳಬೇಕಿಲ್ಲ ಎಂದು ಬರೆದವನೂ ಅವನೇ. ಗುಡ್ಡದಲ್ಲಿ ಸತ್ತ ದನವನ್ನು ಅರ್ಧ ದಿನದೊಳಗೆ ಹಳ್ಳದಾಚೆಯ ಬಯಲಿಗೆ ಸಾಗಿಸಬೇಕು, ಹದ್ದುಗಳು ಫ್ಯಾನಿನ ರೆಕ್ಕೆಗಳಿಂದ ದೂರ ಕೂತು ತಿನ್ನಲಿ ಎಂದು ಬರೆದವನೂ ಅವನೇ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಮುಂದಿನ ಸಾಲಿನಲ್ಲಿ, "ಈ ಕೆಲಸದಲ್ಲಿ ಪಾರಂಪರಿಕ ಅನುಭವವುಳ್ಳ ಸ್ಥಳೀಯ ಕುಟುಂಬಗಳನ್ನು ತೊಡಗಿಸಿಕೊಳ್ಳಲಾಗುವುದು" ಎಂದು ಸೇರಿಸಿದ್ದ. ಊರಲ್ಲಿ ಅಂಥ ಕುಟುಂಬ ಯಾವುದು ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಪ್ರಣಿತಾಳ ಕುಟುಂಬ.

ಅವಳ ಅಪ್ಪ ಸೋಮಪ್ಪ ಮೂವತ್ತು ವರ್ಷದ ಹಿಂದೆ, ಬೌದ್ಧ ದೀಕ್ಷೆ ತಗೊಂಡು ಬಂದ ವಾರದಲ್ಲೇ, ಸತ್ತ ದನ ಎಳೆಯುವ ಹಗ್ಗವನ್ನು ಚಾವಡಿಯ ಮುಂದೆ ಕೊಡಲಿಯಿಂದ ಕಡಿದು ಚೂರು ಮಾಡಿದ್ದ. ಅವತ್ತು ಬಿದ್ದ ಏಟಿಗೆ ಅವನ ಎಡ ಹೆಗಲಿನ ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಗೌಂಡಿ ಕೆಲಸ ಕಲಿತ. ಮುರಗೋಡದಿಂದ ರಾಮದುರ್ಗದವರೆಗೆ ಅವನು ಕಟ್ಟಿದ ಗೋಡೆಗಳಿವೆ. ಕೌಶಿಕ ಈ ಮನೆಗೂ ಬಂದಿದ್ದ, ಹೊರಸಿನ ಮೇಲೆ ಕೂತಿದ್ದ, ಪ್ರಣಿತಾಳ ಅವ್ವ ತಾಯವ್ವ ಕೊಟ್ಟ ಚಹಾ ಕುಡಿದಿದ್ದ, ಕುಡಿದದ್ದು ಎಲ್ಲರಿಗೂ ಕಾಣುವ ಹಾಗೆ ಕುಡಿದಿದ್ದ. "ನಾ ಗೌಂಡಿರಿ, ಸರ್" ಎಂದಷ್ಟೇ ಹೇಳಿದ್ದ ಸೋಮಪ್ಪ. ಕೌಶಿಕ ತಲೆಯಾಡಿಸಿ ಹೋದ. ಆದರೆ ಆ ಸಾಲು ಅಳಿಯಲಿಲ್ಲ. ಕಾಗದದ ಪ್ರತಿ ಪಂಚಾಯ್ತಿಯ ಬೋರ್ಡಿಗೆ ಬಿತ್ತು.

ಮಿರಗದ ಮಳೆಗೆ ಇನ್ನೂ ಹದಿನೈದು ದಿನವಿತ್ತು. ಮಧ್ಯಾಹ್ನ ಗಾಳಿ ಜೋರಾಯಿತು. ಎರಡು ಗಂಟೆಗೆ ಟ್ರ್ಯಾಕ್ಟರೊಂದು ಗುಡ್ಡ ಹತ್ತಿ ಹದಿನಾಲ್ಕರ ಬುಡಕ್ಕೆ ಬಂದು ನಿಂತದ್ದನ್ನು ಪ್ರಣಿತಾ ಕಂಡಳು. ಓಡಿಸುತ್ತಿದ್ದವನು ಹನುಮಪ್ಪ. ಮಡ್‌ಗಾರ್ಡಿನ ಮೇಲೆ ಸಾವಕಾರ, ಎದುರಿಗೆ ಅವನ ತಮ್ಮನ ಮಗ ದುರ್ಗಪ್ಪ. ದುರ್ಗಪ್ಪನ ಕೈ ಇನ್ನೊಬ್ಬನ ಕಾಲರಿನಲ್ಲಿತ್ತು. ದುರ್ಬೀನು ತಿರುವಿದಾಗ ಅಪ್ಪನ ಮುಖ ಕಂಡಿತು. ಕೆಲಸದ ಮೇಲಿಂದಲೇ ಹಿಡಿದು ತಂದಿದ್ದರು. ಮೊಣಕೈತನಕ ಸಿಮೆಂಟು ಇನ್ನೂ ಹಸಿಯಾಗಿತ್ತು.

ಪ್ರಣಿತಾ ಓಡಿದಳು.

"ಎಳೀತೇನ್ರಿ, ಆದ್ರ ಕಟ್ಟೂದು ನನ್ನ ಕೆಲಸ ಅಲ್ಲ," ಎನ್ನುತ್ತಿದ್ದ ಹನುಮಪ್ಪ, ಸೀಟು ಬಿಟ್ಟು ಇಳಿಯದೆ.

"ನಿನಗ ಯಾರ ಕಟ್ಟ ಅಂದ್ರು? ಕಟ್ಟಾಂವ ಇಲ್ಲೇ ನಿಂತಾನಲ್ಲ," ಸಾವಕಾರ ಹೊಸ ನೂಲಿನ ಹಗ್ಗವನ್ನು ಸೋಮಪ್ಪನ ಕಾಲ ಬಳಿ ಎಸೆದ. "ಲೇ ಸೋಮ್ಯಾ, ಹಿಡಿ. ಈಗ ಕಂಪನೀನ ಬರದೈತಿ, ನಾ ಹೇಳಿದ್ದಲ್ಲ. ಬೋರ್ಡಿನ ಮ್ಯಾಲ ಐತಿ ಹೋಗಿ ಓದ."

"ಓದೇನ್ರಿ ಸಾವಕಾರ್ರ. ನಾ ಕಟ್ಟೂದಿಲ್ಲ."

"ಎತ್ತ ನಾರಾಕ ಹತ್ತೇತಿ."

"ನಿಮ್ಮ ಎತ್ತ, ನೀವ ಕಟ್ರಿ."

ದುರ್ಗಪ್ಪನಿಗೆ ಇಷ್ಟು ಸಾಕಾಯಿತು. ಟ್ರೈಲರ್ ಜೋಡಿಸುವ ಕಬ್ಬಿಣದ ಪಿನ್ನು ಕಿತ್ತು ಹೊಡೆದ. ಮೊದಲನೆಯದು ಬೆನ್ನಿಗೆ ಬಿತ್ತು. ಎರಡನೆಯದು ಬಾಯಿಗೆ. ಸೋಮಪ್ಪ ಮಂಡಿಯೂರಿ ಬಿದ್ದ. ಹಲ್ಲೊಂದು ರಕ್ತದ ಜೊತೆ ಮಣ್ಣಿಗೆ ಬಿತ್ತು. "ಹಿಡೀಲೇ ಹಗ್ಗ!" ಎನ್ನುತ್ತ ಮೂರನೆಯದನ್ನು ಸೊಟ್ಟ ಹೆಗಲಿಗೇ ಹಾಕಿದ. ಎಲುಬು ಲಟಕ್ಕೆಂದದ್ದು ಗಾಳಿಯ ಸದ್ದಿನಲ್ಲೂ ಕೇಳಿಸಿತು. ಸಾವಕಾರ ಬೇಡ ಅನ್ನಲಿಲ್ಲ. ಹನುಮಪ್ಪ ಸ್ಟೇರಿಂಗ್ ನೋಡುತ್ತ ಕೂತ.

ಪ್ರಣಿತಾ ದುರ್ಗಪ್ಪನ ಬೆನ್ನಿಗೆ ಹಾರಿದಳು, ಕೂದಲು ಹಿಡಿದು ಹಿಂದಕ್ಕೆ ಜಗ್ಗಿದಳು. ಅವನು ಕೊಡವಿ ಕೆಡವಿದ. ಅಂಗಾತ ಬಿದ್ದವಳ ಕಣ್ಣಿಗೆ ಆಕಾಶ ಕಂಡಿತು, ಆಕಾಶದಲ್ಲಿ ಗಂಡು ಹದ್ದು ಕಂಡಿತು. ಕಣಿವೆ ದಾಟಿ ನೇರ ಹದಿನಾಲ್ಕರ ಕಡೆಗೆ ಇಳಿಯುತ್ತಿತ್ತು. ಅವಳು ವಾಕಿಟಾಕಿಯ ಗುಂಡಿ ಒತ್ತಿ, "ಹದಿನಾಲ್ಕ" ಅನ್ನುವಷ್ಟರಲ್ಲಿ ದುರ್ಗಪ್ಪ ಅವಳ ಮಣಿಕಟ್ಟು ತುಳಿದ.

"ಯಾರಿಗೆ ಹೇಳ್ತೀ? ಪೊಲೀಸರಿಗೇನು?"

"ಹಕ್ಕಿ! ಹಕ್ಕಿ ಬರಾಕ ಹತ್ತೇತಿ, ಬಿಡೋ!"

ಅವನು ವಾಕಿಟಾಕಿಯನ್ನು ಒದ್ದ. ಅದು ಎತ್ತಿನ ಹೊಟ್ಟೆಗೆ ಬಡಿದು ಬಿತ್ತು. ಅವಳು ಅವನ ಮೀನಖಂಡಕ್ಕೆ ಬಾಯಿ ಹಾಕಿ, ರಕ್ತದ ಉಪ್ಪು ನಾಲಿಗೆಗೆ ತಾಗುವತನಕ ಕಚ್ಚಿದಳು. ಅವನು ಕೂಗಿ ಕಾಲೆತ್ತಿದ. ತೆವಳಿ ಹೋಗಿ ವಾಕಿಟಾಕಿ ಹಿಡಿದು ಒದರಿದಳು: "ಹದಿನಾಲ್ಕ ಬಂದ್! ಬಂದ್ ಮಾಡ್ರಿ!"

ಒಂದು ನಿಮಿಷ ಬೇಕಿತ್ತು. ಅಷ್ಟು ಹೊತ್ತು ಇರಲಿಲ್ಲ. ಮೇಲಿಂದ ಇಳಿದ ಫ್ಯಾನಿನ ರೆಕ್ಕೆಯ ತುದಿ ಹದ್ದನ್ನು ನಡುಗಾಳಿಯಲ್ಲಿ ಹೊಡೆಯಿತು. ಹದ್ದಿನ ಒಂದು ಪಕ್ಕ ಕತ್ತರಿಸಿ ಬೇರೆ ಎಲ್ಲೋ ಹೋಯಿತು. ಉಳಿದದ್ದು ಸೋಮಪ್ಪನಿಂದ ಹತ್ತು ಹೆಜ್ಜೆಗೆ ಬಿದ್ದು, ಇದ್ದೊಂದು ಪಕ್ಕದಿಂದ ಮಣ್ಣು ಬಡಿಯಿತು, ಹಳದಿ ಮುಖ ಮೇಲೆತ್ತಿತು, ಮತ್ತೆ ಬಡಿಯಿತು, ನಿಂತಿತು. ದುರ್ಗಪ್ಪನ ಕೈಯಿಂದ ಪಿನ್ನು ಜಾರಿತು. ಮನುಷ್ಯನ ರಕ್ತಕ್ಕೆ ಜಾರದ ಪಿನ್ನು ಅದು.

ವಾಕಿಟಾಕಿಯಲ್ಲಿ ಕೂಗಾಟ ಕೇಳಿ ಕೌಶಿಕ ಜೀಪು ತಗೊಂಡು ಬಂದ. ಹದ್ದನ್ನು ನೋಡಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಸೋಮಪ್ಪನನ್ನು ನೋಡಿದ. ಪ್ರಣಿತಾ ತನ್ನ ಓಢಣಿಯಿಂದ ಅಪ್ಪನ ತೋಳನ್ನು ಎದೆಗೆ ಕಟ್ಟುತ್ತಿದ್ದಳು.

"ಅಯ್ಯೋ, ಇದೇನಾತು! ಸೋಮಪ್ಪನವರ, ಏಳ್ರಿ, ದವಾಖಾನಿಗೆ ಹೋಗೂಣು," ಅಂದ ಅವನ ಕಳಕಳಿ ಸುಳ್ಳಾಗಿರಲಿಲ್ಲ. ಅಷ್ಟರಲ್ಲಿ ಕಣಿವೆಯ ಮೇಲೆ ಹೆಣ್ಣು ಹದ್ದು ಎದ್ದಿತು. ಕೌಶಿಕ ಅದನ್ನು ನೋಡಿದ, ಎತ್ತನ್ನು ನೋಡಿದ, ಹಗ್ಗವನ್ನು ನೋಡಿದ. "ಅದರ ಮರಿ ಇನ್ನೂ ಸಣ್ಣದದ. ಅದೂ ಹ್ವಾದ್ರ ಮುಗೀತು. ಸೋಮಪ್ಪನವರ, ನಿಮಗ ಗೊತ್ತಿದ್ದ ಕೆಲಸ... ಒಂದ ಗಂಟ ಹಾಕಿಕೊಟ್ರ ಸಾಕ್ರಿ, ಉಳದದ್ದು ಟ್ರ್ಯಾಕ್ಟರ್ ಎಳೀತದ."

ಅಪ್ಪನಿಗೆ ಬಿದ್ದ ಪಿನ್ನಿನ ಏಟಿಗೆ ಅಳದಿದ್ದ ಪ್ರಣಿತಾಳ ಕಣ್ಣು ಈಗ ತುಂಬಿ ಬಂತು. ಹೊಡೆದವನ ಮೇಲೆ ಬಂದದ್ದು ಸಿಟ್ಟು. ಈ ಒಳ್ಳೆಯವನ ಮೇಲೆ ಬಂದದ್ದಕ್ಕೆ ಅವಳ ಬಳಿ ಹೆಸರಿರಲಿಲ್ಲ. ವಾಕಿಟಾಕಿ ಬಾಯಿಗೆ ಹಿಡಿದಳು.

"ಕಂಟ್ರೋಲ್, ಕೇಳ್ರಿ. ಒಂದರಿಂದ ಇಪ್ಪತ್ತೆರಡು, ಎಲ್ಲಾ ಬಂದ್. ಪೊಲೀಸರಿಗೆ ಫೋನ್ ಮಾಡ್ರಿ."

"ಎಲ್ಲಾನೂ? ಎಷ್ಟೊತ್ತಿನ ತನಕ?"

"ಎತ್ತ ಇಲ್ಲಿಂದ ಹೋಗೂ ತನಕ."

"ಪ್ರಣಿತಾ, ಎಲ್ಲಾ ನಿಲ್ಸಿದ್ರ ನಿನ್ನ ಕೆಲಸ ಹೋಗ್ತದ," ಎಂದ ಕೌಶಿಕ.

"ಹೋಗ್ಲಿರಿ. ಹಕ್ಕಿ ಹತ್ರ ಇದ್ರ ಕಾವಲಿನವರ ಮಾತ ಕೊನೀದು ಅಂತ ನೀವ ಬರದೀರಿ. ಅಗೋ, ಇಲ್ಲೇ ಐತಿ. ಎತ್ತ ಇರೂತನಾ ಇಲ್ಲೇ ಇರತೈತಿ. ನಮ್ಮಪ್ಪ ಮಾತ್ರ ಹಗ್ಗ ಮುಟ್ಟೂದಿಲ್ಲ."

ಒಂದೊಂದಾಗಿ ಫ್ಯಾನುಗಳು ನಿಧಾನವಾದವು. ಸಾಲಿನ ಕೊನೆಯದು ನಿಂತಾಗ ಗುಡ್ಡದಲ್ಲಿ ಬರೀ ಗಾಳಿ ಉಳಿಯಿತು. ಕೌಶಿಕನ ಮೊಬೈಲು ಬಡಿದುಕೊಳ್ಳತೊಡಗಿತು, ನಿಂತು ಮತ್ತೆ ಬಡಿದುಕೊಂಡಿತು. ಅವನು ಸಾವಕಾರನ ಕಡೆ ನೋಡಿದ. ಸಾವಕಾರ ಧೋತರದ ಅಂಚು ಸರಿಮಾಡಿಕೊಂಡ. ಕೌಶಿಕ ಹನುಮಪ್ಪನ ಕಡೆ ನೋಡಿದ. "ನಾ ಬರೇ ಡ್ರೈವರ್ರಿ," ಎಂದ ಹನುಮಪ್ಪ. ಪಿನ್ನು ಬಿಟ್ಟ ದುರ್ಗಪ್ಪ ಆಗಲೇ ಅರ್ಧ ಗುಡ್ಡ ಇಳಿದಿದ್ದ.

"ಯಪ್ಪಾ, ಜೀಪ ಹತ್ತ. ದವಾಖಾನಿಗೆ ಹೋಗೂಣು," ಎಂದಳು ಪ್ರಣಿತಾ.

"ತಡಿ," ಒಡೆದ ತುಟಿಯಿಂದ ಸೋಮಪ್ಪನ ಮಾತು ತೊದಲಿ ಬಂತು. "ಇದನ್ನ ನೋಡೇ ಬರತೇನಿ."

ಕೌಶಿಕ ಮೊಬೈಲು ಆರಿಸಿ ಜೇಬಿಗಿಟ್ಟ. ಆಮೇಲೆ ಅಂಗಿಯ ತೋಳು ಮೇಲೇರಿಸಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಹಗ್ಗ ಎತ್ತಿಕೊಂಡ. ನೊಣಗಳು ಎದ್ದವು. ಎತ್ತಿನ ಹಿಂಗಾಲು ಮುಟ್ಟಿ ಕೈ ಹಿಂತೆಗೆದ, ಮತ್ತೆ ಮುಟ್ಟಿದ. ಎರಡು ಸುತ್ತು ಸುತ್ತಿ ಬಿಗಿದ. ಟ್ರ್ಯಾಕ್ಟರ್ ಒಂದು ಮೊಳ ಎಳೆಯುವುದರೊಳಗೆ ಗಂಟು ಜಾರಿ ಹಗ್ಗ ಕಳಚಿತು. ಇನ್ನೊಮ್ಮೆ ಕಟ್ಟಿದ, ಇನ್ನೊಮ್ಮೆ ಜಾರಿತು. ಕೌಶಿಕ ಎತ್ತಿನ ಪಕ್ಕದಲ್ಲೇ ಕುಕ್ಕುರುಗಾಲಿನಲ್ಲಿ ಬಗ್ಗಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಂಡು, ತಲೆಯೆತ್ತಿ ಸೋಮಪ್ಪನನ್ನು ಕೇಳಿದ:

"ಹೆಂಗ ಕಟ್ಟಬೇಕ್ರಿ ಇದನ್ನ?"

ಸೋಮಪ್ಪ ಬಾಯಲ್ಲಿ ತುಂಬಿದ್ದ ರಕ್ತ ಪಕ್ಕಕ್ಕೆ ಉಗುಳಿದ. ಅವಸರ ಮಾಡಲಿಲ್ಲ.

"ಮರತೇನ್ರಿ, ಸರ್."