ಎಡಗಡೆಯ ಗುಂಡುಸೂಜಿ

ಸೂಜಿಯ ತಲೆ ಅದುರುತ್ತಿದೆ, ಎಡಗಡೆಯದು, ಈಗ ತಾನೇ ಗೌನಿನ ಎದೆಯ ಮಡಿಕೆಗೆ ಚುಚ್ಚಿದ್ದು, ತನ್ನ ಕೈಯೇ ನಡುಗುತ್ತಿರಬೇಕು, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ — ನೋಡಕ್ಕಾ, ಗೌನು ಎಷ್ಟು ಸಡಿಲ ಆಗ್ಬಿಟ್ಟಿದೆ, ಎನ್ನುತ್ತಾಳೆ ಕನ್ನಡಿಯ ಮುಂದೆ ನಿಂತ ತಂಗಿ, ನಾಡಿದ್ದಿನ ಮದುಮಗಳು, ಅರಳು ಹುರಿದ ಹಾಗೆ ಮಾತು, ರಾತ್ರಿ ನಿದ್ದೆ ಬಾರದೆ ಕಪಾಟನ್ನೆಲ್ಲ ಖಾಲಿ ಮಾಡಿ ಮತ್ತೆ ಜೋಡಿಸಿದಳಂತೆ, ನಾಲಿಗೆ ಒಣಗುತ್ತದಂತೆ, ಹಸಿವಂತೂ ಹತ್ತಿರ ಸುಳಿಯುವುದಿಲ್ಲವಂತೆ. ಅಕ್ಕ ಉತ್ತರ ಕೊಡುವ ಹಾಗಿಲ್ಲ, ತುಟಿಗಳ ನಡುವೆ ಸೂಜಿ ಕಚ್ಚಿಕೊಂಡಿದ್ದಾಳೆ, ಹೊಲಿಯುವವರಿಗೆ ಅದೊಂದು ಅನುಕೂಲ. ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡಬೇಕು, ನಿನ್ನೆ ಮೊನ್ನೆ ಕಲಿತವರಿಗೂ ಗೊತ್ತು, ಬಿಡದೆ ಕತ್ತರಿ ಓಡಿಸಿದವಳು ಯಾರು, ಸೊಂಟದಲ್ಲಿ ಗೌನು ಬಿಗಿಯಾದಾಗ ನೀನೇ ದಪ್ಪ ಆಗಿದೀಯ ಕಣೆ ಎಂದವಳು ಯಾರು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ — ಆಮೇಲೆ ತನ್ನದೇ ತೂಕ ಇಳಿಸುವ ಮಾತ್ರೆಯ ಡಬ್ಬಿ ಅವಳ ಕೈಗಿಟ್ಟು, ನಾಲ್ಕು ದಿನ ನುಂಗು, ತಾನಾಗೇ ಇಳಿಯುತ್ತೆ. ಡಾಕ್ಟರು ಏನೆಂದಿದ್ದರು, ಇದು ಹಸಿವು ಕಟ್ಟುತ್ತಮ್ಮ, ಎದೆಬಡಿತಾನೂ ಏರಿಸುತ್ತೆ, ಸ್ವಲ್ಪ ದಿನ ಮಾತ್ರ, ಬಿ.ಪಿ. ನೋಡಿಸ್ಕೊಂಡೇ ತಗೋಬೇಕು, ಬೇರೆ ಯಾರಿಗೂ ಕೊಡ್ಬೇಡಿ, ಮನೇಲಿ ಯಾರಿಗಾದ್ರೂ ಹೃದಯದ ತೊಂದರೆ ಇತ್ತಾ — ಅಪ್ಪನಿಗೆ ಇತ್ತು, ಗಡ್ಡ ಹೆರೆಯುತ್ತಿದ್ದರು, ಕೆನ್ನೆಯ ಮೇಲೆ ಸೋಪಿನ ನೊರೆ, ಎದೆ ಹಿಡಿದು ಕುಳಿತವರು ಏಳಲಿಲ್ಲ, ಅದನ್ನು ಕೇಳಿಯೇ ಡಾಕ್ಟರು ಇ.ಸಿ.ಜಿ. ಮಾಡಿಸಿ, ಆಮೇಲೆ ಚೀಟಿ ಬರೆದದ್ದು, ತನಗೆ. ಅಪ್ಪ ಇವಳಿಗೂ ಅಪ್ಪನೇ ಅಲ್ಲವೇ, ಇವಳಿಗೆ ಯಾರು ಮಾಡಿಸಿದರು. ಹೇಳಬೇಕು, ಗೌನು ಹಾಳಾದರೆ ಹಾಳಾಗಲಿ, ಹೇಳಿದರೆ ಇಷ್ಟು ವರ್ಷದ ಕೈಚಳಕದ ಹೆಸರು ಮಣ್ಣುಪಾಲು, ನಗುತ್ತಾರೆ, ನಗಲಿ — ಬೈಬೇಡಕ್ಕಾ, ದಿನಕ್ಕೊಂದು ಮಾತ್ರೇಲೇ ಇಷ್ಟು ಇಳೀತಲ್ಲಾ ಅಂತ ನಿನ್ನೆಯಿಂದ ಎರಡೆರಡು ತಗೋತಿದೀನಿ.

ಅಕ್ಕ ಸೂಜಿಗಳನ್ನು ಅಂಗೈಗೆ ಉಗುಳಿದಳು. ಅಳತೆ ತಪ್ಪಿದವಳು ನಾನು ಕಣೆ, ನೀನು ದಪ್ಪ ಆಗಿರ್ಲೇ ಇಲ್ಲ, ಮಾತ್ರೆ ಸಾಕು, ನಡಿ, ಈಗ್ಲೇ ಡಾಕ್ಟರ ಹತ್ರ ಹೋಗೋಣ — ಹೇಳಿದ್ದು ಕೇಳಿಸಿತೋ ಇಲ್ಲವೋ, ತಂಗಿಯ ಮಾತು ನಿಂತಿದೆ, ಕನ್ನಡಿಯ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಾಳೆ, ಮೇಲ್ದುಟಿಯ ಮೇಲೆ ಬೆವರು, ಅಪ್ಪನ ನೊರೆ, ಅಕ್ಕ ಅವಳನ್ನು ಮುಟ್ಟಿಲ್ಲ, ಯಾರ ಕೈಯೂ ಅಲ್ಲಿಲ್ಲ, ಆ ಎಡಗಡೆಯ ಸೂಜಿ, ಅದರ ತಲೆ, ಅದುರುತ್ತಲೇ ಇದೆ