ಎರಡು ವರ್ಷ ತಡವಾಗಿ ಬಂದ ಅಳು

ಅಮ್ಮ ತೀರಿಕೊಂಡ ದಿನ ಅವಳ ಕಣ್ಣಿನಿಂದ ಒಂದು ಹನಿಯೂ ಉದುರಲಿಲ್ಲ. ಬಂದವರಿಗೆ ಚಹಾ ಕೊಟ್ಟಳು, ಚಾದರಗಳನ್ನು ಮಡಿಚಿಟ್ಟಳು, ಬಾಡಿಗೆಗೆ ತಂದಿದ್ದ ಆಕ್ಸಿಜನ್ ಸಿಲಿಂಡರನ್ನು ಒಯ್ಯಲು ಹೇಳಿ ಫೋನ್ ಮಾಡಿದಳು. ಬಸ್ ಡ್ರೈವರಾಗಿದ್ದ ತಮ್ಮ ಮಾತ್ರ ಗೋಡೆಗೆ ಹಣೆ ಆನಿಸಿ ಬಿಕ್ಕುತ್ತಿದ್ದ. ಎಲ್ಲ ಮುಗಿದ ಮೇಲೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, "ನಿನ್ನ ಎದೇಲಿ ಕಲ್ಲಿದೆ ಅಕ್ಕಾ," ಎಂದು ಹೇಳಿ ಹೋದವನು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.

ಆ ಮಾತು ಅವಳಿಗೆ ನಾಟಲೂ ಇಲ್ಲ. ಇದ್ದರೂ ಇರಬಹುದು ಅಂದುಕೊಂಡಳು, ಅಷ್ಟೆ.

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಗಿರಾಕಿಗಳ ಬಾಯಲ್ಲಿ ಕನ್ನಡಕದಕ್ಕ. ಒಂದು ಕಾಲದಲ್ಲಿ ಲಿಫ್ಟಿನೊಳಗೆ ಮೂರು ಗಂಟೆ ಸಿಕ್ಕಿಹಾಕಿಕೊಂಡಿದ್ದಳು. ಅಲ್ಲಿಂದಾಚೆ ಬಾಗಿಲು ಮುಚ್ಚಿದ ಸದ್ದು ಕೇಳಿದರೆ ಸಾಕು, ಎದೆ ಡವಡವ, ಅಂಗೈ ಒದ್ದೆ. ಆಗಿನ ಡಾಕ್ಟರು ಒಂದು ತಿಂಗಳಿಗೆಂದು ಮಾತ್ರೆ ಬರೆದುಕೊಟ್ಟರು. ಹೆದರಿಕೆ ಅಡಗಿತು. ಆದರೆ ಆ ಒಂದು ತಿಂಗಳು ಹನ್ನೊಂದು ವರ್ಷವಾದರೂ ಮುಗಿಯಲಿಲ್ಲ. ಬಿಡು ಅಂತ ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಅಮ್ಮ ಹೋಗಿ ಒಂದೂವರೆ ವರ್ಷವಾಗುವ ಹೊತ್ತಿಗೆ ಅವಳ ಕೆಲಸ ಎಡವಟ್ಟಾಗತೊಡಗಿತು. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿದಳು, ಅದೂ ಒಂದೇ ವಾರದಲ್ಲಿ ಎರಡು ಸಲ.

"ಏನಮ್ಮಾ, ಬಂದವರನ್ನೆಲ್ಲ ಮೆಳ್ಳಗಣ್ಣು ಮಾಡಿ ಕಳಿಸ್ಬೇಕು ಅಂತಿದೀಯಾ?" ಎಂದು ಅಂಗಡಿಯ ಯಜಮಾನರು ನಕ್ಕರು. ನಕ್ಕರೂ ಅವರೇ ಹಟ ಹಿಡಿದು ಅವಳನ್ನು ಹೊಸ ಡಾಕ್ಟರಮ್ಮನ ಹತ್ತಿರ ಅಟ್ಟಿದರು.

ಡಾಕ್ಟರಮ್ಮ ಹಳೆಯ ಚೀಟಿಗಳನ್ನೆಲ್ಲ ತಿರುವಿ ನೋಡಿ, "ಇಷ್ಟು ವರ್ಷ ತಗೊಂಡ್ರೆ ಈ ಮಾತ್ರೆಯಿಂದ ಮರೆವು, ಮಂಕು ಬರಬಹುದು, ಅಳು ನಗು ಕೂಡ ಮರಗಟ್ಟಬಹುದು," ಎಂದರು.

"ಹಾಗಾದ್ರೆ ನಾಳೆಯಿಂದಲೇ ಬಿಟ್ಬಿಡ್ತೀನಿ."

"ಅಯ್ಯೋ, ಅದೊಂದು ಮಾಡ್ಬೇಡಿ! ಒಮ್ಮೆಲೇ ಬಿಟ್ರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಒಂಚೂರು ಒಂಚೂರೇ ಇಳಿಸೋಣ. ಕಷ್ಟ ಆದ್ರೆ ಅಲ್ಲೇ ನಿಲ್ಲೋಣ. ನಮ್ಮನ್ನೇನೂ ಯಾರೂ ಅಟ್ಟಿಸ್ಕೊಂಡು ಬರ್ತಿಲ್ವಲ್ಲ."

ಅಳತೆ ತಪ್ಪದಿರಲೆಂದು ಮಾತ್ರೆಯ ಬದಲು ಅದೇ ಔಷಧಿಯನ್ನು ದ್ರವರೂಪದಲ್ಲಿ ಬರೆದುಕೊಟ್ಟರು. ಮೊದಲೆರಡು ತಿಂಗಳು ಏನೂ ಅನಿಸಲಿಲ್ಲ. ಮೂರನೆಯ ತಿಂಗಳು ನಿದ್ದೆ ಹಾರಿತು. ಗಾಜು ಉಜ್ಜುವ ಯಂತ್ರದ ಸದ್ದು ಕಿವಿಯೊಳಗೆ ಸೂಜಿ ಆಡಿಸಿದ ಹಾಗಾಯಿತು, ಬೆರಳು ನಡುಗಿದವು. ಫೋನ್ ಮಾಡಿದಾಗ ಡಾಕ್ಟರಮ್ಮ, "ಆರು ವಾರ ಇಳಿಸೋದೇ ಬೇಡ, ಇದ್ದಲ್ಲೇ ಇರೋಣ," ಎಂದರು. ಯಜಮಾನರು ಅವಳನ್ನು ಯಂತ್ರದಿಂದ ಎಬ್ಬಿಸಿ ಮುಂದಿನ ಕೌಂಟರಿನಲ್ಲಿ ಕೂರಿಸಿದರು. ನಡುಕ ನಿಧಾನವಾಗಿ ಇಳಿಯಿತು. ಮತ್ತೆ ಒಂಚೂರು ಇಳಿಸಿದರು.

ಆರನೆಯ ತಿಂಗಳು ಒಂದು ಮಧ್ಯಾಹ್ನ ಮುದುಕಿಯೊಬ್ಬಳು ಸಡಿಲವಾದ ಕನ್ನಡಕ ಹಿಡಿದು ಬಂದಳು. ತಿರುಪು ಬಿಗಿಮಾಡಿ ಕೊಟ್ಟಾಗ ಗಾಜಿನ ಮೇಲೆ "ಹಾ" ಎಂದು ಉಸಿರು ಬಿಟ್ಟು, ಸೆರಗಿನಿಂದ ಒರೆಸಿ ಹಾಕಿಕೊಂಡಳು. ಅಮ್ಮನೂ ಹಾಗೆಯೇ ಒರೆಸುತ್ತಿದ್ದಳು. ಕೊನೆಯ ವಾರ ಹಾಗೆ ಒರೆಸಿಕೊಂಡು ಇವಳ ಮುಖ ನೋಡಿ, "ಒಂದ್ಗಳಿಗೆ ನನ್ನ ಹತ್ರ ಕೂತ್ಕೊಳೇ," ಎಂದಿದ್ದಳು. "ಇರಮ್ಮಾ, ಬಟ್ಟೆ ಒಗೆಯೋದಿದೆ," ಎಂದು ಇವಳು ಎದ್ದು ಹೋಗಿದ್ದಳು.

ಕೌಂಟರಿನ ಮೇಲೆ ತಲೆಯಿಟ್ಟು ಅವಳು ಅತ್ತಳು. ಮುದುಕಿ ಗಾಬರಿಯಾಗಿ ಬೆನ್ನು ಸವರಿದಳು. ಅಳು ನಿಲ್ಲಲಿಲ್ಲ, ಮರುದಿನವೂ ಬಂತು.

"ಔಷಧಿ ಮತ್ತೆ ಹೆಚ್ಚಿಸ್ಬೇಕಾ ಡಾಕ್ಟ್ರೇ?" ಎಂದು ಡಾಕ್ಟರಮ್ಮನ ಎದುರು ಕೂತು ಕೇಳಿದಳು.

"ಯಾತಕ್ಕೆ ಅಳು ಬರುತ್ತೆ?"

"ಅಮ್ಮ..."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದಕ್ಕೆ ನಾನು ಔಷಧಿ ಬರೆಯೋಲ್ಲ. ಅಳಿ. ಈ ತಿಂಗಳು ಅಳತೆ ಬದಲಾಯಿಸೋದೂ ಬೇಡ. ಆದ್ರೆ ಊಟ ಸೇರದಿದ್ರೆ, ಬದುಕೇ ಬೇಡ ಅನ್ನಿಸಿದ್ರೆ ಆ ಕ್ಷಣವೇ ಫೋನ್ ಮಾಡ್ಬೇಕು. ಮಾತು ಕೊಡಿ."

ಕೊಟ್ಟಳು.

ಆ ಭಾನುವಾರ ತಮ್ಮನ ಮನೆಗೆ ಹೋದಳು. ಅವನು ಡ್ಯೂಟಿಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ. ಮಾತ್ರೆಯ ಕಥೆ, ಮುದುಕಿಯ ಕಥೆ ಎಲ್ಲ ಹೇಳಿದಳು, ಹೇಳುತ್ತಲೇ ಅತ್ತಳು. ಅವನು ತಲೆ ಎತ್ತದೆ ಕಾಲರನ್ನೇ ತೀಡುತ್ತಿದ್ದ.

"ಕಲ್ಲು ಅಂದಿದ್ದು ತಪ್ಪೇ ಅಕ್ಕಾ, ನಂಗೇನು ಗೊತ್ತಿತ್ತು ಹೇಳು," ಎಂದ ಕೊನೆಗೆ. "ಆದ್ರೆ ಅಮ್ಮನಿಗೋಸ್ಕರ ನನ್ನ ಜೊತೆ ಅಳೋಕೆ ಇದ್ದಿದ್ದು ನೀನೊಬ್ಬಳೇ. ನಾನು ಒಬ್ಬನೇ ಅತ್ತು ಮುಗಿಸ್ಬಿಟ್ಟೆ. ಈಗ ಮತ್ತೆ ಶುರು ಮಾಡು ಅಂದ್ರೆ ನನ್ನ ಕೈಲಾಗಲ್ಲ."

"ನೀನು ಅಳ್ಬೇಡ. ಸುಮ್ನೆ ಕೂತ್ಕೊ."

"ಬಸ್ಸಿಗೆ ಹೊತ್ತಾಯ್ತು," ಎಂದು ಬಿಸಿಯಾರದ ಅಂಗಿಯನ್ನೇ ತೊಟ್ಟುಕೊಂಡು ಹೊರಟ. ಅವನ ಹೆಂಡತಿ ನೀರಿನ ಲೋಟ ಹಿಡಿದು ಬಂದಾಗ ಅವನಾಗಲೇ ರಸ್ತೆಯ ತಿರುವು ದಾಟಿದ್ದ.

ಔಷಧಿ ಪೂರ್ತಿ ನಿಲ್ಲಲು ಇನ್ನೂ ಒಂದು ವರ್ಷ ಹಿಡಿಯಿತು. ನಡುವೆ ಎರಡು ಸಲ ಇಳಿಸುವುದನ್ನು ನಿಲ್ಲಿಸಿ ಕಾದರು. ಅವಳು ಯಂತ್ರಕ್ಕೆ ಮರಳಿದಳು. ಗಾಜು ಅದಲುಬದಲಾಗುವುದು ನಿಂತಿತು. ಲಿಫ್ಟ್ ಕಂಡರೆ ಈಗಲೂ ಮೆಟ್ಟಿಲನ್ನೇ ಹಿಡಿಯುತ್ತಾಳೆ. ತಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಬಸ್ಸು, ಮಂಡಿನೋವು, ತರಕಾರಿ, ಎಲ್ಲ ಮಾತಾಡುತ್ತಾರೆ. ಅಮ್ಮನ ಮಾತು ಎತ್ತಿದರೆ ಮಾತ್ರ ಅವನು, "ಸರಿ ಅಕ್ಕಾ, ಇಡ್ಲಾ?" ಅನ್ನುತ್ತಾನೆ. ಇಡು ಅನ್ನುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಕೂತು ಅಳುತ್ತಾಳೆ.