ಮನೆಯವರು ಬಿಡದವರು

ನುಸೈಬಾಳಿಗೆ ಇಮೇಲ್ ಎಂದರೆ ಮೈಯೆಲ್ಲ ಉರಿ. ವಾಟ್ಸಾಪಿನಲ್ಲಿ ಒಂದು ಮಾತು ಹಾಕಿದರೆ ಸಾಕು, ಪುತ್ತೂರಿನಿಂದ ಕಡಬದವರೆಗಿನ ಹೆಂಗಸರು ಒಲೆಯ ಮೇಲೆ ಸಾರು ಉಕ್ಕುತ್ತಿದ್ದರೂ ಓದುತ್ತಾರೆ. ಮೈಲ್ ಕಳಿಸಿದರೋ, ಬಾವಿಗೆ ಕಲ್ಲು ಹಾಕಿದಂತೆ. ಬಾವಿಯಾದರೂ ಗುಳುಂ ಅನ್ನುತ್ತದೆ, ಇವರು ಅದನ್ನೂ ಅನ್ನುವುದಿಲ್ಲ. ಆದರೂ ಬಿಡುವಂತಿಲ್ಲ. ಕೆಲಸ ಕೊಡುವವರೆಲ್ಲ ಕರೆಯುವುದು ಮೈಲಿನಲ್ಲೇ. ನೋಡುವ ಅಭ್ಯಾಸ ಇವರಿಗೆ ಆಗಬೇಡವೇ?

ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಶಾಪಿನ ಮಹಡಿಯಲ್ಲಿ ಅವಳ ಕೋಚಿಂಗ್ ಸೆಂಟರ್. ಮದುವೆಯಾಗಿ ಓದು ಮೂಲೆಗಿಟ್ಟ ಹೆಣ್ಣುಮಕ್ಕಳನ್ನು ಮತ್ತೆ ಪರೀಕ್ಷೆಗೆ, ಸಂದರ್ಶನಕ್ಕೆ ತಯಾರು ಮಾಡುವುದು ಅವಳ ಕೆಲಸ. ದುಬೈಯಲ್ಲಿ ಜಾಹೀರಾತು ಕಂಪನಿಯಲ್ಲಿರುವ ತಮ್ಮ ರವೂಫ್ ಫೋನಿನಲ್ಲಿ ಬುದ್ಧಿ ಹೇಳಿದ್ದ: "ಎಲ್ಲರಿಗೂ ಒಂದೇ ಮೈಲ್ ಕಳಿಸಿದ್ರೆ ಯಾರು ಓದ್ತಾರೆ? ಗುಂಪು ಮಾಡು. ಯಾರಿಗೆ ಎಂತ ಬೇಕೋ ಅದನ್ನೇ ಕಳಿಸು."

ಸರಿ, ಮಾಡಿದಳು. ಸೇರಿದವರು, ಯೋಚಿಸುತ್ತಿರುವವರು, ಮನೆಯವರು ಬಿಡದವರು ಎಂದು ಮೂರು ಗುಂಪು. ಸುಳ್ಯದ ಬಳಿಯ ಅಜ್ಜಾವರದ ಭಾವನಾಳನ್ನು ಮೂರನೆಯದಕ್ಕೆ ಹಾಕುವಾಗ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ. ಸಹಕಾರಿ ಬ್ಯಾಂಕಿನ ಲಿಖಿತ ಪರೀಕ್ಷೆ ಪಾಸು ಮಾಡಿದ ಹುಡುಗಿ. ನುಸೈಬಾಳ ಸೆಂಟರಿನಿಂದ ಅಷ್ಟು ದೂರ ಹೋದವಳು ಅವಳೊಬ್ಬಳೇ. ಶನಿವಾರ ಮಂಗಳೂರಿನಲ್ಲಿ ಸಂದರ್ಶನ. ತಯಾರಿಗೆ ಬಾ ಎಂದರೆ ಸಣ್ಣ ದನಿಯಲ್ಲಿ, "ಮನೆಯಲ್ಲಿ ಹೇಗೋ ಎಂತದೋ ಅಕ್ಕ, ಮತ್ತೆ ಮಾಡ್ತೇನೆ" ಎಂದು ಫೋನ್ ಇಟ್ಟುಬಿಡುತ್ತಿದ್ದಳು. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ನುಸೈಬಾ ಕೂತು ಮನಸ್ಸಿಟ್ಟು ಬರೆದಳು: "ಪ್ರಿಯ ಭಾವನಾ, ಮನೆಯವರು ಬಿಡುವುದಿಲ್ಲವೇ? ಅತ್ತೆ ಮಾವನ ಜೊತೆ ವಾದ ಬೇಡ. ಹಳೆ ಕಾಲದವರು, ನಿಧಾನಕ್ಕೆ ದಾರಿಗೆ ಬರುತ್ತಾರೆ."

ಗುರುವಾರ ಬೆಳಿಗ್ಗೆ ಕಳಿಸಿದಳು. ಮಧ್ಯಾಹ್ನವೇ ಫೋನ್ ಬಂತು. ಭಾವನಾ ಅಲ್ಲ, ಅವಳ ಮಾವ ಶ್ರೀರಾಮ ರೈ.

"ಟೀಚರೇ, ನಿಮ್ಮ ಮೈಲ್ ಬಂತು. ಒಮ್ಮೆ ನಮ್ಮ ಮನೆಗೆ ಬನ್ನಿ."

ಯಾ ಅಲ್ಲಾ! ನುಸೈಬಾಳಿಗೆ ತಲೆ ಚಿಟ್ಟು ಹಿಡಿದುಹೋಯಿತು. ಆಗಿದ್ದು ಇಷ್ಟೇ. ಆ ಮನೆಯಲ್ಲಿ ಫೋನ್ ಐದಿದ್ದರೂ ಇಮೇಲ್ ಒಂದೇ. ರೈಗಳು ಮೊದಲ ಫೋನ್ ಕೊಂಡಾಗ ಮೊಬೈಲ್ ಅಂಗಡಿಯವನು ಮಾಡಿಕೊಟ್ಟದ್ದು. ಆಮೇಲೆ ಬಂದ ಎಲ್ಲ ಫೋನಿಗೂ ಅದನ್ನೇ ಹಾಕಿದ್ದು. ಮನೆಗೊಂದು ಬಾವಿ, ಮನೆಗೊಂದು ರೇಷನ್ ಕಾರ್ಡು, ಮನೆಗೊಂದು ಇಮೇಲು! ಮೈಲ್ ಬಂದ ಕೂಡಲೇ ಚಾವಡಿಯಲ್ಲಿ ಟಿಂಗ್, ಅಡುಗೆಕೋಣೆಯಲ್ಲಿ ಟಿಂಗ್, ದನದ ಹಟ್ಟಿಯಲ್ಲಿ ಟಿಂಗ್. ಇಂಗ್ಲಿಷಿನ ಮೈಲನ್ನು ಆ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಇದು ಕನ್ನಡದ್ದು, ಅದರಲ್ಲೂ ಸೊಸೆಯ ಹೆಸರು ಹಾಕಿದ್ದು. ಎಲ್ಲರೂ ಓದಿದರು.

ಆಗಲೇ ಹೊರಟು ಸುಳ್ಯದ ಬಸ್ಸಿನಲ್ಲಿ ಕೂತ ನುಸೈಬಾ ದಾರಿಯುದ್ದಕ್ಕೂ ರವೂಫನಿಗೆ ಶಾಪ ಹಾಕಿದಳು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತಲ್ಲ! ಆದರೂ ಒಳಗೊಳಗೇ ಒಂದು ಹಟವಿತ್ತು. ಕುಂಬಳಕಾಯಿ ಕಳ್ಳ ಎಂದರೆ ಇವರೇಕೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು? ಹುಡುಗಿಯನ್ನು ಕಟ್ಟಿಹಾಕಿದವರಿಗೆ ನಾಲ್ಕು ಮಾತು ಹೇಳಿಯೇ ಬರುತ್ತೇನೆ ಎಂದುಕೊಂಡಳು.

ರೈಗಳು ಜಗಲಿಯಲ್ಲೇ ಕೂತಿದ್ದರು. ಅವರ ಹೆಂಡತಿ ಸುಂದರಿ ಮುಖ ಊದಿಸಿಕೊಂಡೇ ಬೆಲ್ಲ, ನೀರು ತಂದಿಟ್ಟರು.

"ಬನ್ನಿ ಟೀಚರೇ, ಕೂತ್ಕೊಳ್ಳಿ. ನಾವು ಹಳೆ ಕಾಲದವರು. ನಿಧಾನಕ್ಕೆ ದಾರಿಗೆ ಬರ್ತೇವೆ."

ನುಸೈಬಾ ತಂದಿದ್ದ ನಾಲ್ಕು ಮಾತು ಬಿಟ್ಟು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡಳು.

"ಅವಳು ನಮ್ಮ ಹತ್ರ ಕೇಳ್ಲೇ ಇಲ್ಲ ಮಾರಾಯ್ರೆ!" ರೈಗಳ ದನಿ ಏರಿತು. "ಕೇಳದೆ ನಾವು ಬೇಡ ಹೇಳುದು ಹೇಗೆ? ತವರಿಗೆ ಹೋದಾಗ ನಿಮ್ಮಲ್ಲಿ ಕಲಿತು ಪರೀಕ್ಷೆ ಬರೆದದ್ದಂತೆ. ಪಾಸಾದ್ದು ನಮಗೆ ಗೊತ್ತಾದ್ದು ನಿಮ್ಮ ಮೈಲಿನ ಕೆಳಗೆ ಬ್ಯಾಂಕಿನ ಇಂಗ್ಲಿಷ್ ಮೈಲ್ ಸಿಕ್ಕಿದ ಮೇಲೆ. ಈಗ ಅವಳು ಹೋದ್ರೆ ನೀವು ಬುದ್ಧಿ ಹೇಳಿದ್ದಕ್ಕೆ ಬಿಟ್ಟದ್ದು ಅಂತ ಆಗ್ತದೆ. ಹೋಗದಿದ್ರೆ ನೀವು ಬರೆದದ್ದೇ ಸರಿ ಅಂತ ಆಗ್ತದೆ. ನಾವೆಂತ ಮಾಡುದು ಹೇಳಿ?"

"ನನ್ನ ಸೊಸೆಯನ್ನು ನಾನು ಬಿಡುದಿಲ್ಲ ಅಂತ ನಿಮಗೆ ಹೇಳಿದ್ದು ಯಾರು?" ಎಂದರು ಸುಂದರಿ. ಅವರ ಕಣ್ಣಲ್ಲಿ ನೀರಿತ್ತು.

ಯಾರೂ ಹೇಳಿರಲಿಲ್ಲ. ಒಂದು ಸಣ್ಣ ದನಿ ಕೇಳಿ ಇಡೀ ಮನೆಗೇ ಹಣೆಪಟ್ಟಿ ಕಟ್ಟಿದ್ದವಳು ಅವಳೇ. ನುಸೈಬಾ "ತಪ್ಪಾಯ್ತು ಅಮ್ಮ" ಎಂದಳು, ಮನಸ್ಸಿನಿಂದಲೇ ಎಂದಳು.

"ತಪ್ಪು ಇರ್ಲಿ. ನಾಡಿದ್ದು ನಾನೇ ಕಾರಿನಲ್ಲಿ ಕರ್ಕೊಂಡು ಹೋಗುದು. ಇಡೀ ಸುಳ್ಯ ನೋಡ್ಲಿ," ಎಂದು ರೈಗಳು ಎದ್ದು ಹೋದರು.

ಅಬ್ಬ, ಗೆದ್ದೆ ಎಂದುಕೊಂಡು ನುಸೈಬಾ ಹಿತ್ತಲಿಗೆ ಬಂದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಭಾವನಾ ನಿಂತಿದ್ದಳು, ಮುಖ ಕೆಂಪಾಗಿತ್ತು.

"ಸಮಾಧಾನ ಆಯ್ತಾ ಅಕ್ಕ ನಿಮಗೆ?"

"ಎಂತ ಹುಡುಗಿ ಇದು! ಮನೆಯವರು ಒಪ್ಪಿದ್ರಲ್ಲ!"

"ಅವರು ಯಾವಾಗ ಕೇಳಿದ್ರೂ ಒಪ್ತಿದ್ರು. ಅದು ನನಗೆ ಗೊತ್ತುಂಟು. ಅದಕ್ಕೇ ಕೇಳ್ಲಿಲ್ಲ." ಭಾವನಾ ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಬಾಗಿಲ ಆ ಕಡೆ ನಾಲ್ಕು ಜನ ಕೂತು ಪ್ರಶ್ನೆ ಕೇಳ್ತಾರೆ ಅಂತ ನೆನೆದ್ರೆ ಹೆದರಿಕೆಗೆ ಕಲಿತದ್ದೆಲ್ಲ ಮರೆತುಹೋಗ್ತದೆ. ಮನೆಯವರು ಬಿಡ್ಲಿಲ್ಲ ಅಂದ್ರೆ ಯಾರೂ ಮತ್ತೆ ಕೇಳುದಿಲ್ಲ. ಪಾಪ, ಬುದ್ಧಿವಂತೆ ಹುಡುಗಿ, ಬಿಡ್ಲಿಲ್ಲ ಅಂತಾರೆ. ಈಗ ಫೇಲಾದ್ರೆ ನಾನೇ ಫೇಲ್. ಅದೂ ಮಾವನ ಕಾರಲ್ಲಿ ಹೋಗಿ!"

ನುಸೈಬಾಳಿಗೆ ಸಿಟ್ಟು ಬಂತು. ಹುಡುಗಿಯ ಮೇಲೋ, ತನ್ನ ಮೇಲೋ, ಆ ಮೂರು ಗುಂಪುಗಳ ಮೇಲೋ ತಿಳಿಯಲಿಲ್ಲ. ಇಷ್ಟು ವರ್ಷ ಎದುರಿಗೆ ಕೂತವರೆಲ್ಲ ಮನೆಯವರ ಹೆಸರು ಹೇಳಿದಾಗ ನಂಬಿ, ಮನೆಯವರನ್ನು ಬೈದು, ಚಹಾ ಕುಡಿಸಿ ಕಳಿಸಿದ್ದಳಲ್ಲ! ಅವರಲ್ಲಿ ಎಷ್ಟು ಜನರ ದನಿ ಹೀಗೆ ಸಣ್ಣಗಿತ್ತೋ. ಅವಳು ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕೂತಳು.

"ನಾನೇ ಬ್ಯಾಂಕಿನವಳು. ನೀನು ಒಳಗೆ ಬಂದಿದ್ದಿ. ನಿನ್ನ ಬಗ್ಗೆ ಹೇಳು."

"ನಾನು ಭಾವನಾ. ನನ್ನ ಗಂಡ ದಿಶಾಂತ್ ರೈ. ಮಾವ ಅಜ್ಜಾವರದ ಶ್ರೀರಾಮ ರೈ..."

"ಅವರಿಗೆ ಕೆಲಸ ಬೇಡ. ನಿನ್ನದು ಹೇಳು."

ಭಾವನಾ ಬಾಯಿ ತೆರೆದಳು. "ನಾನು ಭಾವನಾ. ನಾನು..." ನುಸೈಬಾ ಕಾದಳು.